ಐದು ವರ್ಷದ ಅಕ್ಕ

ನೀಲಿ ಟಾರ್ಪಾಲಿನ ಶೆಡ್ಡಿನ ಮುಂದೆ ಆ ಹುಡುಗಿ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದಳು. ಅವಳಿಗೆ ಐದು, ಅವನಿಗೆ ಒಂದೂವರೆ. ಅವನ ಕಾಲು ಅವಳ ಮೊಣಕಾಲಿನವರೆಗೂ ಜೋತಾಡುತ್ತಿತ್ತು. ಅಮ್ಮ ಎದುರಿನ ಕಟ್ಟಡದಲ್ಲಿ ಇಟ್ಟಿಗೆ ಹೊರುತ್ತಿದ್ದಳು.

ಬೆಂಗಳೂರಿನ ಸರ್ಜಾಪುರ ರಸ್ತೆ ಕಡೆ ಇಂಥ ಶೆಡ್ಡುಗಳು ಬೇಕಾದಷ್ಟಿವೆ. ಇವರು ಯಾದಗಿರಿ ಕಡೆಯವರು. ಕಟ್ಟಡ ಮುಗಿದರೆ ಟಾರ್ಪಾಲು ಮಡಚಿಕೊಂಡು ಮುಂದಿನ ಸೈಟಿಗೆ ಹೋಗುತ್ತಾರೆ. ಅಷ್ಟು ದಿನದ ಮಟ್ಟಿಗಾದರೂ ಮಕ್ಕಳನ್ನು ಅಂಗನವಾಡಿಗೆ ಸೇರಿಸೋಣ ಅಂತ ನಾನು ಆಫೀಸಿಗೆ ಒಂದು ದಿನ ರಜೆ ಹಾಕಿದ್ದೆ. ಒಂದೇ ದಿನ ಸಾಕು ಅಂದುಕೊಂಡಿದ್ದೆ ನೋಡಿ!

ಅಮ್ಮ ಅರ್ಧ ದಿನದ ಕೂಲಿ ಬಿಟ್ಟು ನನ್ನ ಜೊತೆ ಬಂದಳು. ಅಂಗನವಾಡಿ ಟೀಚರ್ ಒಳ್ಳೆಯವರೇ. ಆದರೆ ರಿಜಿಸ್ಟರ್ ತೆಗೆದವರೇ ಪೆನ್ನು ಹಿಡಿದು ಕೂತುಬಿಟ್ಟರು. "ಅಡ್ರೆಸ್ ಏನಂತ ಬರೀಲಿ?"

ಆಧಾರ್‌ನಲ್ಲಿ ಊರಿನ ವಿಳಾಸ. ಮಕ್ಕಳಿಗೆ ಆಧಾರ್ ಇರಲಿಲ್ಲ. ತಾಯಿಯದ್ದೇ ಸಾಕು ಅಂತ ನನಗೆ ಗೊತ್ತಿತ್ತು, ಟೀಚರಿಗೂ ಗೊತ್ತಿತ್ತು. ಅಂಗನವಾಡಿಯವರು ಹೆಸರು ಸೇರಿಸುವ ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ನಂಬರ್ ಹಾಕಿದರೆ ಓಟಿಪಿ ಹೋಗಿದ್ದು ಗಂಡನ ಫೋನಿಗೆ. ಗಂಡ ಇನ್ನೊಂದು ಸೈಟಿನಲ್ಲಿ, ಒಂಬತ್ತನೇ ಮಹಡಿಯಲ್ಲಿ ಸೆಂಟ್ರಿಂಗ್ ಕೆಲಸದಲ್ಲಿದ್ದ. ಫೋನ್ ಸ್ವಿಚ್ ಆಫ್.

ಲಸಿಕೆ ವಿವರಕ್ಕೆ ತಾಯಿ ಕಾರ್ಡ್ ಬೇಕಿತ್ತು. ಅದು ಊರಲ್ಲಿ, ಅತ್ತೆಯ ಟ್ರಂಕಿನಲ್ಲಿ! ಅಮ್ಮನ ತಮ್ಮ ಹೋಗಿ ಹುಡುಕಿ, ಸಂಜೆ ನನ್ನ ವಾಟ್ಸಾಪಿಗೆ ಫೋಟೋ ಕಳಿಸಿದ. ಒಂದು ಮೂಲೆಯಲ್ಲಿ ಅರಿಶಿನದ ಕಲೆ, ಪಕ್ಕದಲ್ಲೇ ಅವನ ಹೆಬ್ಬೆರಳು. ಹೆಬ್ಬೆರಳಿನ ಕೆಳಗೇ ಹುಟ್ಟಿದ ತಾರೀಖು. ಇನ್ನೊಂದು ಫೋಟೋ ತರಿಸಿದೆ.

ಮೂರನೇ ದಿನ ಹೆಸರು ಸೇರಿತು. ಬಿಸಿಯೂಟ, ಹಾಲು, ಮೊಟ್ಟೆ ಎಲ್ಲ ಸಿಗುತ್ತೆ ಅಂತ ನಾನು ಖುಷಿಯಾಗಿ ಹೇಳುತ್ತಿದ್ದೆ. ಅಮ್ಮ ಸುಮ್ನೆ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ ಅಂದಳು, "ಅಕ್ಕಾರ, ಈಕಿ ಇಲ್ಲಿ ಕುಂತ್ರ ಸಣ್ಣಾವನ್ನ ಯಾರ್ ನೋಡ್ಕೊಂತಾರ್ರಿ?"

ಇದು ನನಗೆ ಹೊಳೆದೇ ಇರಲಿಲ್ಲ. ಅಂಗನವಾಡಿಯಲ್ಲಿ ಕೂರುವುದು ಮೂರು ತುಂಬಿದ ಮಕ್ಕಳು. ಅದಕ್ಕಿಂತ ಚಿಕ್ಕವರಿಗೆ ಮನೆಗೆ ಒಯ್ಯುವ ಆಹಾರದ ಪೊಟ್ಟಣ ಅಷ್ಟೇ. ಪೊಟ್ಟಣ ಕೂಸನ್ನು ಎತ್ತಿಕೊಳ್ಳುತ್ತಾ? ಆ ಮನೆಯ ಶಿಶುವಿಹಾರ ಈ ಐದು ವರ್ಷದ ಹುಡುಗಿಯೇ. ಅವಳನ್ನೇ ನಾನು ಶಾಲೆಗೆ ಕಳಿಸಲು ಹೊರಟಿದ್ದೆ.

ಕಾನೂನು ಇರಲಿಲ್ಲ ಅಂತಲ್ಲ. ಕಟ್ಟಡ ಕಾರ್ಮಿಕರ 1996ರ ಕಾಯ್ದೆ ಪ್ರಕಾರ 50ಕ್ಕಿಂತ ಜಾಸ್ತಿ ಹೆಂಗಸರು ಕೆಲಸ ಮಾಡುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಕೊಡಬೇಕಿತ್ತು, ನೋಡಿಕೊಳ್ಳಲು ಜನ ಇರಬೇಕಿತ್ತು. ಆ ಸೈಟಿನಲ್ಲಿ ಐದು ಜನ ಮೇಸ್ತ್ರಿಗಳು, ಒಬ್ಬೊಬ್ಬರ ಕೈಕೆಳಗೆ ಹನ್ನೆರಡು ಹೆಂಗಸರು. ಕೂಡಿದರೆ 60. "ನಂದು ಹನ್ನೆರಡೇ ಮೇಡಂ" ಅಂದರು ಒಬ್ಬ ಮೇಸ್ತ್ರಿ. ಉಳಿದ ನಾಲ್ವರದೂ ಅದೇ ಲೆಕ್ಕ. ಲೇಬರ್ ಕಾರ್ಡಿಗೆ 90 ದಿನ ಕೆಲಸ ಮಾಡಿದ್ದಕ್ಕೆ ಚೀಟಿ ಬರೆದುಕೊಡಿ ಅಂದಾಗಲೂ ನಾಳೆ, ನಾಡಿದ್ದು. ಚೀಟಿ ಇವತ್ತಿಗೂ ಬಂದಿಲ್ಲ.

ದಾರಿ ಹುಡುಕಿದ್ದು ನಾನಲ್ಲ, ಶೆಡ್ಡಿನ ಹೆಂಗಸರೇ. ಅವರಲ್ಲೊಬ್ಬಳ ಅತ್ತೆಗೆ ಮಂಡಿ ನೋವು, ಕೆಲಸಕ್ಕೆ ಹೋಗುತ್ತಿರಲಿಲ್ಲ. ಕೂಸಿಗೆ ದಿನಕ್ಕೆ 20 ರೂಪಾಯಿಯಂತೆ ಕೊಟ್ಟು ನಾಲ್ಕು ಕೂಸುಗಳನ್ನು ಆ ಅಜ್ಜಿಯ ಹತ್ತಿರ ಬಿಟ್ಟರು. ಟೀಚರ್ ಅಂಗನವಾಡಿಯ ಜಗಲಿಯಲ್ಲೇ ಚಾಪೆ ಹಾಸಲು ಒಪ್ಪಿದರು. ರಿಜಿಸ್ಟರಿನಲ್ಲಿ ಇದಕ್ಕೆ ಕಾಲಂ ಇಲ್ಲ. ನಾಲ್ಕಕ್ಕೆ ಅಂಗನವಾಡಿ ಮುಚ್ಚಿದರೆ ಅಮ್ಮಂದಿರು ಬರುವುದು ಆರಕ್ಕೆ. ಆ ಎರಡು ಗಂಟೆ ಅಜ್ಜಿ ಎಲ್ಲರನ್ನೂ ಕರೆದುಕೊಂಡು ಶೆಡ್ಡಿನ ಮುಂದೆ ಕೂರುತ್ತಾಳೆ.

ಮುಂದಿನ ವಾರ ಹೋದಾಗ ಪ್ರಾರ್ಥನೆ ನಡೆಯುತ್ತಿತ್ತು. ಹುಡುಗಿ ಸಾಲಿನ ಕೊನೆಯಲ್ಲಿದ್ದಳು. ಎಲ್ಲರಂತೆ ಕೈ ಮುಗಿದಿದ್ದಳು, ಸೊಂಟ ಮಾತ್ರ ಒಂದು ಪಕ್ಕಕ್ಕೆ ವಾಲಿತ್ತು. ಅದರ ಮೇಲೆ ಯಾರೂ ಇರಲಿಲ್ಲ.