ಒಲೆದೇವರ ತುಟಿ ಬಾಯಿಗೆ ಬಂದು ಕೂತಿತು

31 ಹಾಳೆಗಳನ್ನು ಕೆಡಿಸಿದ ಮೇಲೆ, ಕಳೆದ ಭಾನುವಾರ ಸಂಜೆ, ಬಣ್ಣಕ್ಕೊಂದರಂತೆ ಕೆತ್ತಿದ ಮರದ ಅಚ್ಚುಗಳಿಂದ ನಾನು ಕಾಗದಕ್ಕೆ ಒತ್ತುತ್ತಿರುವ ಚೀನೀ ಒಲೆದೇವರು ಜಾವ್ ಜುನ್‌ನ ಕೆಂಪು ತುಟಿ ಮೊದಲ ಬಾರಿಗೆ ಅವನ ಬಾಯಿಯ ಗೆರೆಯೊಳಗೇ ಕೂತಿತು. ನನ್ನ ಅಚ್ಚಿನಲ್ಲಿ ಆ ತುಟಿಯ ಅಗಲ 6 ಮಿಲಿಮೀಟರ್ ಮಾತ್ರ. ಕೆಂಪು ಬಣ್ಣ 2 ಮಿಲಿಮೀಟರ್ ಬಲಕ್ಕೆ ಸರಿದರೆ ನಿಲುವಂಗಿಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಮುಖದಲ್ಲಾದರೋ ದೇವರು ಎಲೆಅಡಿಕೆ ಜಗಿದು ಕೆನ್ನೆಗೆ ಒರೆಸಿಕೊಂಡಂತೆ ಕಾಣುತ್ತದೆ. ಚಿತ್ರವನ್ನು ಮರಕ್ಕೆ ಮಗುಚಿ ಅಂಟಿಸಿದ್ದು, ಗೆರೆ ಬಿಡಿಸಿದ್ದು, ಬಣ್ಣ ಅರೆದದ್ದು ಬಲ್ಲವರಿಗೆ ಗೊತ್ತಿರುವ ಕೆಲಸವಾದ್ದರಿಂದ ಅವನ್ನು ಬಿಟ್ಟು ಈ ತುಟಿಯ ಪ್ರಕರಣವನ್ನಷ್ಟೇ ಬರೆಯುತ್ತೇನೆ.

ಒಂದು ಬಾಯಿಗಾಗಿ ಇಷ್ಟು ತಲೆ ಕೆಡಿಸಿಕೊಂಡದ್ದಕ್ಕೆ ಕಾರಣವಿದೆ. ಚೀನಾದ ದಾವ್ ಧರ್ಮದಲ್ಲಿ ಎಲ್ಲಕ್ಕೂ ಮೂಲವಾದ ದಾವ್‌ಗೆ ರೂಪವಿಲ್ಲ, ಹೆಸರಿಟ್ಟು ಕರೆಯುವಂತೆಯೂ ಇಲ್ಲ. ದೇವಮಂಡಲದ ತುದಿಯಲ್ಲಿರುವವರು ಸಾನ್ ಚಿಂಗ್, ಅಂದರೆ ಮೂವರು ಪರಿಶುದ್ಧರು. ಅವರಲ್ಲೊಬ್ಬ ದೇವರಾಗಿ ಪೂಜೆಗೊಳ್ಳುವ ಪ್ರಾಚೀನ ಜ್ಞಾನಿ ಲಾವೊತ್ಸೆ. ಲೋಕದ ದೈನಂದಿನ ಆಡಳಿತವೆಲ್ಲ ಯುಹುವಾಂಗ್ ಎಂಬ ಜೇಡ್ ಚಕ್ರವರ್ತಿಯದು. ಅವನ ಆಸ್ಥಾನ ಹಳೆಯ ಚೀನಾದ ಸರ್ಕಾರಿ ಕಚೇರಿಯ ಪಡಿಯಚ್ಚಾಗಿದ್ದು, ಊರಿಗೊಬ್ಬ ನಗರದೇವತೆ, ಸುತ್ತಲಿನ ನೆಲಕ್ಕೊಬ್ಬ ಭೂದೇವತೆ, ಮನೆಗೊಬ್ಬ ಒಲೆದೇವರು ಎಂದು ಕೆಳಗಿನವರೆಗೂ ಹುದ್ದೆಗಳು ಹಂಚಿಹೋಗಿವೆ. ನಮ್ಮ ಚಿತ್ರಗುಪ್ತ ದೂರದಲ್ಲಿ ಕೂತು ಲೆಕ್ಕ ಬರೆಯುತ್ತಾನೆ. ಜಾವ್ ಜುನ್ ಅಡುಗೆಮನೆಯಲ್ಲೇ ಬಿಡಾರ ಹೂಡಿ, ಯಾರು ಯಾರಿಗೆ ಏನಂದರು ಎಂಬುದನ್ನು ಖುದ್ದಾಗಿ ಕೇಳಿಸಿಕೊಳ್ಳುತ್ತಾನೆ. ಚಾಂದ್ರಮಾನ ವರ್ಷದ ಹನ್ನೆರಡನೆಯ ತಿಂಗಳ 23 ಅಥವಾ 24ನೆಯ ದಿನ ಅವನು ಮೇಲಕ್ಕೆ ವರದಿ ಒಪ್ಪಿಸಲು ಹೊರಡುವಾಗ, ಸಿಹಿಯಾಗಿಯೇ ಮಾತಾಡಲಿ ಎಂದು ಚಿತ್ರದ ಬಾಯಿಗೆ ಜೇನನ್ನೋ ಅಂಟು ಮಿಠಾಯಿಯನ್ನೋ ಸವರಿ, ಆಮೇಲೆ ಕಾಗದವನ್ನು ಸುಟ್ಟು ಕಳಿಸಿಕೊಡುತ್ತಾರೆ. ಹೊಸ ವರ್ಷಕ್ಕೆ ಹೊಸ ಚಿತ್ರ ಒಲೆಯ ಬಳಿ ಬರುತ್ತದೆ. ಹೀಗಿರುವಾಗ ಬಾಯಿಯೇ ಸರಿಯಿಲ್ಲದ ಒಲೆದೇವರನ್ನು ಅಚ್ಚು ಹಾಕಿ ಪ್ರಯೋಜನವೇನು?

ಮೊದಲ ಸುತ್ತಿನಲ್ಲಿ ನಾನು ಪ್ಲೈವುಡ್ ಮೇಲೆ ಗುಮಾನಿಪಟ್ಟೆ. ಅದು ಅನ್ಯಾಯವೇನೂ ಅಲ್ಲ, ಏಕೆಂದರೆ ಅಚ್ಚು ಕೆತ್ತಲೆಂದೇ ತಯಾರಾದ ಹಲಗೆ ಎಂದು ನಂಬಿಸಿ ಅಂಗಡಿಯವರು ಕಳಿಸಿದ್ದರ ಒಳಪದರದಲ್ಲಿ ಉಳಿಯ ತುದಿ ಪೂರ್ತಿ ಇಳಿಯುವಷ್ಟು ಪೊಳ್ಳಿತ್ತು. ದೂರು ಕೊಟ್ಟರೆ, ಮರವೆಂದ ಮೇಲೆ ಇದೆಲ್ಲ ಸಹಜ ಎಂಬ ಉತ್ತರ ಬಂತು. ಚೀನಾದ ಶಾನ್‌ಡಾಂಗ್ ಪ್ರಾಂತ್ಯದ ಯಾಂಗ್‌ಜಿಯಾಬು ಹಳ್ಳಿಯ ಅಚ್ಚುಗಾರರು ಪಿಯರ್ ಹಣ್ಣಿನ ಮರವನ್ನು ಏಕೆ ನೆಚ್ಚಿಕೊಂಡರೆಂಬುದು ಆ ದಿನ ಅರ್ಥವಾಯಿತು. ಆದರೆ ಬೇರೆ ಹಲಗೆ ತಂದು ಕೆಂಪಿನ ಅಚ್ಚನ್ನು ಹೊಸದಾಗಿ ಕೆತ್ತಿದರೂ ತುಟಿ ಸರಿದೇ ಇತ್ತು.

ನಿಜವಾದ ಅಪರಾಧಿ ಕಾಗದ. ಒಣಗಿದ್ದಾಗ 240 ಮಿಲಿಮೀಟರ್ ಇದ್ದ ಶ್ವೆನ್ ಎಂಬ ಚೀನೀ ಕಾಗದದ ಹಾಳೆ, ತೇವ ಮಾಡಿದ ಮೇಲೆ ಅಳೆದರೆ 242 ಆಗಿತ್ತು. ನಾನು ಒಂದೊಂದೇ ಹಾಳೆಗೆ ಕಪ್ಪು ರೇಖೆಯಿಂದ ಕೆಂಪಿನವರೆಗೆ ಐದೂ ಅಚ್ಚುಗಳನ್ನು ಒತ್ತುತ್ತಿದ್ದೆ. ಹಳದಿ, ಹಸಿರು, ನೇರಳೆ ಮುಗಿಸಿ ಕೆಂಪಿಗೆ ಬರುವಷ್ಟರಲ್ಲಿ ಸಿಂಗಪುರದ ಸೆಕೆಗೆ ಹಾಕಿದ ಫ್ಯಾನಿನ ಗಾಳಿಗೆ ಹಾಳೆ ಅರೆಬರೆ ಒಣಗಿ ಕುಗ್ಗಿರುತ್ತಿತ್ತು. ಜಪಾನೀ ಕ್ರಮದಲ್ಲಿ ಅಚ್ಚಿನ ಮೂಲೆಗೆ ಕೆಂತೊ ಕಚ್ಚು, ಅಂದರೆ ಹಾಳೆಯನ್ನು ಪ್ರತಿಸಲ ಅದೇ ಜಾಗಕ್ಕೆ ಕೂರಿಸುವ ಗುರುತು, ಎಷ್ಟು ನಿಖರವಾಗಿ ಕೊಟ್ಟರೂ ಮೂಲೆ ಮಾತ್ರ ಸರಿಯಾಗಿ ಕೂರುತ್ತಿತ್ತೇ ಹೊರತು ನಡುವಿನ ಮುಖವಲ್ಲ.

ಪರಿಹಾರ ಚೀನೀ ಅಚ್ಚುಗಾರರ ಮೇಜಿನಲ್ಲಿತ್ತು. ಅವರು ಹಾಳೆಗಳ ಇಡೀ ಕಂತೆಯನ್ನು ಮೇಜಿನ ಒಂದು ಬದಿಗೆ ಪಟ್ಟಿಯಿಂದ ಬಿಗಿದುಬಿಡುತ್ತಾರೆ. ಕಾಗದ ಅಲ್ಲಾಡುವುದಿಲ್ಲ, ಅಚ್ಚೇ ಜರುಗುತ್ತದೆ. ಒಂದೊಂದು ಹಾಳೆಯನ್ನು ಪುಸ್ತಕದ ಪುಟದಂತೆ ಅಚ್ಚಿನ ಮೇಲೆ ಮಗುಚಿ, ಉಜ್ಜಿ, ಮೇಜಿನ ನಡುವಿನ ಸಂದಿಯೊಳಕ್ಕೆ ಇಳಿಬಿಡುತ್ತಾರೆ. ನಾನು ಎರಡು ಸ್ಟೂಲುಗಳ ನಡುವೆ ನಾಲ್ಕು ಬೆರಳು ಸಂದಿ ಬಿಟ್ಟು, ಎರಡು ಸಿ-ಕ್ಲ್ಯಾಂಪ್‌ಗಳಿಂದ 20 ಹಾಳೆಗಳನ್ನು ಬಿಗಿದು, ಮೇಲೆ ಒದ್ದೆ ಟವೆಲ್ ಹೊದಿಸಿದೆ. ಅಚ್ಚಿನ ಕೆಳಗೆ ನಾಲ್ಕು ಉಂಡೆ ಜೇನುಮೇಣ ಇಟ್ಟದ್ದರಿಂದ ಮೊದಲ ಹಾಳೆ ನೋಡಿಕೊಂಡು ಹೆಬ್ಬೆರಳಿನಿಂದ ಅಚ್ಚನ್ನು ಕೂದಲೆಳೆಯಷ್ಟು ತಳ್ಳಲು ಸಾಧ್ಯವಾಯಿತು. ಒಂದು ಬಣ್ಣ ಎಲ್ಲ ಹಾಳೆಗಳಿಗೂ ಮುಗಿದ ನಂತರವೇ ಮುಂದಿನದು. ಫ್ಯಾನ್ ಬಂದ್. ನನ್ನ ಬೆವರು ಎರಡು ಹಾಳೆಗಳ ಮೇಲೆ ಬಿದ್ದದ್ದನ್ನು ಬಿಟ್ಟರೆ ಬೇರೆ ನಷ್ಟವಾಗಲಿಲ್ಲ.

ಮುಂದಿನ ಯೋಜನೆ ಈಗಾಗಲೇ ತಲೆ ತಿನ್ನುತ್ತಿದೆ: ಆಕಾಶ, ಭೂಮಿ, ನೀರುಗಳ ಮೂವರು ಅಧಿಕಾರಿಗಳಾದ ಸಾನ್ ಗುವಾನ್. ಎರಡನೆಯ ಶತಮಾನದ ಸಿಚುವಾನ್‌ನಲ್ಲಿ ಜಾಂಗ್ ದಾವ್‌ಲಿಂಗ್‌ನಿಂದ ಶುರುವಾದ ಪಂಥದವರು ಕಾಯಿಲೆ ಬಿದ್ದವರ ತಪ್ಪೊಪ್ಪಿಗೆಯನ್ನು ಮೂರು ಪ್ರತಿ ಬರೆದು, ಒಂದನ್ನು ಬೆಟ್ಟದ ಮೇಲಿಟ್ಟು, ಒಂದನ್ನು ಹೂತು, ಒಂದನ್ನು ನೀರಿಗೆ ಮುಳುಗಿಸುತ್ತಿದ್ದರಂತೆ. ತ್ರಿಪ್ರತಿಯಲ್ಲಿ ಅರ್ಜಿ ಹಾಕುವುದು ಅಷ್ಟು ಹಳೆಯ ಪದ್ಧತಿ. ಒಂದೇ ಕಂತೆಯಲ್ಲಿ ಮೂವರನ್ನೂ ಒತ್ತಬೇಕೆಂದಿದ್ದೇನೆ, ಆದರೆ ನೀಲಿ ಪುಡಿ ಕಳಿಸುತ್ತೇನೆಂದವರು ಎರಡು ಬಾರಿಯೂ ಹಸಿರನ್ನೇ ಕಳಿಸಿದ್ದಾರೆ. ಒಲೆದೇವರ ಚಿತ್ರದ ನೆತ್ತಿಯಲ್ಲಿ ಬರಬೇಕಾದ ಪಂಚಾಂಗವೂ, ಅಂದರೆ ವರ್ಷದ 24 ಋತುಸಂಧಿಗಳ ಪಟ್ಟಿಯೂ, ಇನ್ನೂ ಕೆತ್ತುವುದಿದೆ.

ಪಕ್ಕದ ಮನೆಯ, ಹೊಕ್ಕಿಯೆನ್ ಎಂಬ ಚೀನೀ ನುಡಿಯಾಡುವ ಆಂಟಿಗೆ ಒಳ್ಳೆಯ ಪ್ರತಿಯನ್ನು ಕೊಟ್ಟೆ. ಅವರು ಅದನ್ನು ಪಕ್ಕಕ್ಕಿಟ್ಟು, ಕೆಟ್ಟ ಹಾಳೆಗಳ ರಾಶಿಯಿಂದ ಒಂದನ್ನೆತ್ತಿ, ಇವನು ಆಗಲೇ ಮಿಠಾಯಿ ತಿಂದುಬಿಟ್ಟಿದ್ದಾನೆ ಎಂದು ನಕ್ಕರು. ಕಸದ ಬುಟ್ಟಿಗೆ ಮಾತ್ರ ಹಾಕಬೇಡ, ಕೆಳಗೆ ಪೂಜೆಯ ಕಾಗದ ಸುಡಲೆಂದು ಇಟ್ಟಿರುವ ಲೋಹದ ಡಬ್ಬಿಯಲ್ಲಿ ಮರ್ಯಾದೆಯಿಂದ ಸುಡು ಎಂದೂ ಹೇಳಿದರು. ಅಲ್ಲಿಂದ ನನಗೆ ಹೊಸ ಚಿಂತೆ ಶುರುವಾಗಿದೆ. ಒಲೆದೇವರು ವರದಿ ಮಾಡಿದ ಸಣ್ಣ ತಪ್ಪಿಗೆ ಆಯುಸ್ಸಿನಲ್ಲಿ 3 ದಿನ, ದೊಡ್ಡದಕ್ಕೆ 300 ದಿನ ಕಡಿತವೆಂದು 4ನೆಯ ಶತಮಾನದ ದಾವ್ ಲೇಖಕ ಗ ಹಾಂಗ್ ಬರೆದಿಟ್ಟಿದ್ದಾನೆ. ಕೆನ್ನೆಗೆ ಕೆಂಪು ಬಳಿಸಿಕೊಂಡ 31 ಮಂದಿ ಒಟ್ಟಿಗೆ ಮೇಲೆ ಹೋಗಿ ದೂರಿದರೆ, ಸಣ್ಣ ತಪ್ಪೆಂದೇ ಹಿಡಿದರೂ 93 ದಿನ. ಜೇನು ಸವರಿಯೇ ಸುಡಬೇಕು. ಮನೆಯಲ್ಲಿರುವುದು ಅರ್ಧ ಸೀಸೆ.