ನಾಲ್ಕು ಪ್ಯಾನೆಲ್ ಹೊರುವ ಟ್ರೈಲರ್: ಆರು ವಾರದ ಲೆಕ್ಕ

2018ರಲ್ಲಿ ಪಾವಗಡದ ಸೋಲಾರ್ ಪಾರ್ಕ್‌ನಲ್ಲಿ ಪ್ಯಾನೆಲ್ ಕೂರಿಸುವ ಗ್ಯಾಂಗ್ ಜೊತೆ ಏಳು ತಿಂಗಳು ಇದ್ದೆ. ತಿರುಮಣಿ ಸುತ್ತ 5 ಹಳ್ಳಿ, 13,000 ಎಕರೆ, 2,050 ಮೆಗಾವ್ಯಾಟ್. ಎಲ್ಲವೂ 325 ವ್ಯಾಟಿನವು ಅಂತ ಇಟ್ಟುಕೊಂಡರೂ 63 ಲಕ್ಷ ಪ್ಯಾನೆಲ್ ಆಗುತ್ತವೆ. ನಮ್ಮ ಗ್ಯಾಂಗ್‌ನಲ್ಲಿ ಒಂದೊಂದನ್ನೂ ಇಬ್ಬರು ಹಿಡಿದು ಸಾಲಿನ ತನಕ ನಡೆಯುತ್ತಿದ್ದೆವು. ನೆರಳು ಅಂದರೆ ನಾವೇ ಕೂರಿಸಿದ ಪ್ಯಾನೆಲ್ ಕೆಳಗಿನ ನೆರಳು, ಅಷ್ಟೇ.

ಆಸ್ಟ್ರೇಲಿಯಾದ 5ಬಿ ಕಂಪನಿಯವರು ಪ್ಯಾನೆಲ್ ಸಾಲನ್ನೇ ಕಾರ್ಖಾನೆಯಲ್ಲಿ ಜೋಡಿಸಿ, ಮಡಚಿ ಲಾರಿಗೆ ಹಾಕುತ್ತಾರೆ. ಜಾಗಕ್ಕೆ ತಂದು ಹಾರ್ಮೋನಿಯಂ ತಿದಿಯ ಹಾಗೆ ಬಿಡಿಸುತ್ತಾರೆ. ಅಮೆರಿಕದ ಟೆರಾಬೇಸ್‌ನವರದು ಇನ್ನೊಂದು ದಾರಿ. ಜೋಡಿಸುವ ಕಾರ್ಖಾನೆಯನ್ನೇ ಹೊಲದ ಪಕ್ಕಕ್ಕೆ ತರುತ್ತಾರೆ. ನನ್ನ ಹತ್ತಿರ ಇರುವುದು ಒಂದು ವೆಲ್ಡಿಂಗ್ ಶೆಡ್ಡು, ತಮ್ಮನ ಟ್ರ್ಯಾಕ್ಟರು, ಗುಜರಿಯಲ್ಲಿ ಸಿಕ್ಕ 4 ಹಳೇ ಪ್ಯಾನೆಲ್ಲು. ನಾಲ್ಕನ್ನೂ ಶೆಡ್ಡಲ್ಲೇ ಒಂದು ಫ್ರೇಮಿಗೆ ಬಿಗಿದು, ಹೊಲಕ್ಕೆ ಒಯ್ದು, ಒಟ್ಟಿಗೇ ಕಂಬಕ್ಕೆ ಕೂರಿಸಬಹುದಾ ಅನ್ನುವುದೇ ಆಟ.

ಮೊದಲ ಎರಡು ವಾರ

ಜೋಡಿಸುವುದು ಸಲೀಸು. ಎರಡು ಜಿಐ ಪರ್ಲಿನ್ (ಸತು ಲೇಪಿಸಿದ ಉದ್ದನೆಯ ಕಬ್ಬಿಣದ ಪಟ್ಟಿ), ಮೇಲೆ ನಾಲ್ಕು ಪ್ಯಾನೆಲ್, ಅವನ್ನು ಹಿಡಿದಿಡಲು ನಡುವೆ ಮಿಡ್ ಕ್ಲಾಂಪ್, ತುದಿಗೆ ಎಂಡ್ ಕ್ಲಾಂಪ್. ಒಟ್ಟು ತೂಕ 125 ಕೆಜಿ. ಬಿಸಿಲು ಬಿದ್ದ ಕೂಡಲೇ ಪ್ಯಾನೆಲ್‌ನಲ್ಲಿ ಕರೆಂಟ್ ಬರುತ್ತದೆ, ಅದಕ್ಕೆ ಸ್ವಿಚ್ ಇಲ್ಲ. ನಾಲ್ಕನ್ನೂ ಸರಣಿಯಲ್ಲಿ ಸೇರಿಸಿದರೆ 180 ವೋಲ್ಟ್ ಡಿಸಿ. ಹಾಗಾಗಿ ವೈರುಗಳನ್ನು ಸೇರಿಸದೆ, ಕನೆಕ್ಟರ್ ಬಾಯಿಗೆ ಟೇಪ್ ಸುತ್ತಿ ಬಿಟ್ಟೆ.

ಮೂರನೇ ವಾರ: ಕಾಣದ ಬಿರುಕು

ಫ್ರೇಮನ್ನು ಟ್ರೈಲರ್ ಮೇಲೆ ಮಲಗಿಸಿ ಮಣ್ಣು ದಾರಿಯಲ್ಲಿ 400 ಮೀಟರ್ ಹೋಗಿ ಬಂದೆವು. ಒಂದೂ ಗಾಜು ಒಡೆಯಲಿಲ್ಲ. ತಮ್ಮ ಆಗಲೇ "ಆಯ್ತಲ್ಲಣ್ಣ, ಇನ್ನೇನು" ಅಂದ.

ಆದರೆ ಪ್ಯಾನೆಲ್ ಒಳಗಿನ ಸಿಲಿಕಾನ್ ಬಿಲ್ಲೆ ಹಪ್ಪಳಕ್ಕಿಂತ ತೆಳು. ಗಾಜು ಬಾಗಿ ವಾಪಸ್ ನೆಟ್ಟಗಾಗುತ್ತದೆ, ಬಿಲ್ಲೆ ಸೀಳುತ್ತದೆ. ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ನೋಡಲು ಒಂದು ಉಪಾಯ ಇದೆ. ಕತ್ತಲಲ್ಲಿ ಪ್ಯಾನೆಲ್‌ಗೇ ಹೊರಗಿನಿಂದ ಡಿಸಿ ಕರೆಂಟ್ ಕೊಟ್ಟರೆ ಅದು ಮಂದವಾಗಿ ಹೊಳೆಯುತ್ತದೆ. ಆ ಬೆಳಕು ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್. ಹಳೇ ಕ್ಯಾಮೆರಾದ ಒಳಗಿನ ಇನ್‌ಫ್ರಾರೆಡ್ ಫಿಲ್ಟರ್ ಕಿತ್ತು, ಸ್ಟ್ಯಾಂಡಿಗೆ ಹಾಕಿ, ಅರ್ಧ ನಿಮಿಷ ತೆರೆದಿಟ್ಟರೆ ಫೋಟೋದಲ್ಲಿ ಬರುತ್ತದೆ. ಕರೆಂಟ್ ಹರಿಯದ ಚೂರು ಕಪ್ಪಗೆ ಉಳಿಯುತ್ತದೆ.

ಹೊರಡುವ ಮುಂಚೆಯೇ ಒಂದು ಸಲ ಫೋಟೋ ತೆಗೆದಿಟ್ಟಿದ್ದೆ, ಪುಣ್ಯ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ನಾಲ್ಕರಲ್ಲಿ ಎರಡಕ್ಕೆ ಹೊಸ ಕಪ್ಪು ಗೆರೆಗಳು. ಟ್ರೈಲರ್ ಆಕ್ಸಲ್‌ಗೆ ಸ್ಪ್ರಿಂಗ್ ಪಟ್ಟಿಯೇ ಇರಲಿಲ್ಲ. ತಪ್ಪು ನನ್ನದೇ.

ನಾಲ್ಕನೇ ವಾರ: ಗಾಜಿನಂಗಡಿ

ಮಧುಗಿರಿಯಲ್ಲಿ ಟೀ ಕುಡಿಯುತ್ತಾ ನಿಂತಿದ್ದಾಗ ಗಾಜಿನಂಗಡಿಯ ಟೆಂಪೋ ಒಂದು ಹೋಯಿತು. ಗಾಜನ್ನು ಅವರು ಮಲಗಿಸುವುದಿಲ್ಲ. ಡೇರೆಯ ಆಕಾರದ ಸ್ಟ್ಯಾಂಡಿಗೆ ಎರಡೂ ಕಡೆ ಒರಗಿಸಿ ನಿಲ್ಲಿಸುತ್ತಾರೆ. ಇಷ್ಟು ವರ್ಷ ಕಣ್ಣೆದುರೇ ಇತ್ತು! ಅದೇ ತರಹ ಸ್ಟ್ಯಾಂಡ್ ಬೆಸೆದೆ, ಕೆಳಗೆ ಹಳೇ ಟ್ಯೂಬ್ ರಬ್ಬರ್ ಹಾಸಿದೆ, ಆಕ್ಸಲ್‌ಗೆ ಸ್ಪ್ರಿಂಗ್ ಪಟ್ಟಿ ಕೂರಿಸಿದೆ. ಅದೇ ದಾರಿ, ಅದೇ 400 ಮೀಟರ್. ರಾತ್ರಿ ಫೋಟೋದಲ್ಲಿ ಹೊಸ ಗೆರೆ ಒಂದೂ ಇಲ್ಲ.

ಆದರೆ ನಿಲ್ಲಿಸಿದ್ದಕ್ಕೆ ಬೇರೆ ದಂಡ ಇದೆ. ಆಷಾಢ ಶುರುವಾಗಿದೆ. ನಾಲ್ಕು ಪ್ಯಾನೆಲ್ ಸೇರಿ 7.8 ಚದರ ಮೀಟರ್. ಗಂಟೆಗೆ 36 ಕಿಮೀ ಗಾಳಿ ನೇರ ಬಡಿದರೆ ಹತ್ತಿರ ಹತ್ತಿರ 50 ಕೆಜಿ ತಳ್ಳಿದ ಹಾಗೆ. ಒಂದು ಮಧ್ಯಾಹ್ನ ಟ್ರೈಲರ್‌ನ ಒಂದು ಚಕ್ರ ನೆಲ ಬಿಟ್ಟಿತು. ಈಗ ಬೆಳಗ್ಗೆ 9ರ ಒಳಗೆ ಮಾತ್ರ ಸಾಗಣೆ.

ಐದು, ಆರನೇ ವಾರ: ಕಂಬ ಹೇಳಿದ ಮಾತು

ಶೆಡ್ಡಿನ ಹಿಂದಿನ ಖಾಲಿ ಜಾಗದಲ್ಲಿ ಕಂಬ ನೆಟ್ಟಿದ್ದೆ. ಲೆವೆಲ್ ಟ್ಯೂಬ್ (ಮಟ್ಟ ನೋಡುವ ನೀರಿನ ಪೈಪು) ಹಿಡಿದೇ ನೆಟ್ಟಿದ್ದು. ಚೈನ್ ಬ್ಲಾಕ್‌ನಲ್ಲಿ (ಭಾರ ಎತ್ತುವ ಸರಪಳಿ ರಾಟೆ) ಫ್ರೇಮ್ ಎತ್ತಿ ತಂದರೆ ಮೂರು ತೂತು ಕೂಡಿದವು, ನಾಲ್ಕನೆಯದು 12 ಮಿಲಿಮೀಟರ್ ಆಚೆ!

ಪಾವಗಡದಲ್ಲಿ ಯಾಕೆ ಈ ತೊಂದರೆ ಗೊತ್ತಾಗಲಿಲ್ಲ ಅಂತ ಯೋಚಿಸಿದೆ. ಅಲ್ಲೂ ಕಂಬಗಳು ಅತ್ತಿತ್ತ ಇರುತ್ತಿದ್ದವು. ಆದರೆ ಒಂದೊಂದೇ ಪ್ಯಾನೆಲ್ ಕೂರಿಸುವಾಗ ಇಲ್ಲಿ 3, ಅಲ್ಲಿ 4 ಮಿಲಿಮೀಟರ್ ಅಂತ ನಾವೇ ಕೈಯಲ್ಲಿ ಸರಿಸಿಕೊಂಡು ಹೋಗುತ್ತಿದ್ದೆವು. ಮೊದಲೇ ಬಿಗಿದ ಫ್ರೇಮಿಗೆ ಆ ಸಲಿಗೆ ಇಲ್ಲ. ಕಂಬ ನೆಡುವವನ ತಪ್ಪೆಲ್ಲ ಕೊನೆಯ ಒಂದು ಬೋಲ್ಟ್ ಮೇಲೆ ಬಂದು ಕೂರುತ್ತದೆ. ದುಂಡು ತೂತುಗಳನ್ನು ಗ್ರೈಂಡರ್‌ನಲ್ಲಿ ಉದ್ದ ಮಾಡಿದೆ. ಕೊಯ್ದ ಕಡೆ ಸತುವಿನ ಪೇಂಟ್ ಹಚ್ಚಿದೆ, ಇಲ್ಲದಿದ್ದರೆ ತುಕ್ಕು ಹಿಡಿಯುತ್ತದೆ.

ಸಮಯದ ಲೆಕ್ಕ: ಮೂವರು ಸೇರಿ ಬಿಡಿಬಿಡಿಯಾಗಿ ಕೂರಿಸಿದಾಗ 26 ನಿಮಿಷ. ಫ್ರೇಮ್ ಆದರೆ ಶೆಡ್ಡಲ್ಲಿ 22, ಹೊಲದಲ್ಲಿ 9. ಸಾಗಣೆ ಬಿಟ್ಟೇ 5 ನಿಮಿಷ ಜಾಸ್ತಿ. ತಮ್ಮ ನಗುತ್ತಿದ್ದಾನೆ, ನಗಲಿ. ಬಿಸಿಲಲ್ಲಿ ನಿಂತಿದ್ದು 9 ನಿಮಿಷ ಮಾತ್ರ, ಅಲ್ವಾ?

ಮುಂದಿನ ವಾರ ಕಂಬ ನೆಡುವಾಗ ಅಳತೆಗೆ ಇಟ್ಟುಕೊಳ್ಳಲು ಫ್ರೇಮಿನಷ್ಟೇ ಅಗಲದ ಒಂದು ಹಗುರ ಚೌಕಟ್ಟು ಮಾಡಬೇಕು. ಆಂಗಲ್ ತರಲು ನಾಳೆ ತುಮಕೂರಿಗೆ.