ಸರ್ವೇಯರ್ ಅಂದ್ರೆ ಜಾಗ ಅಳೆಯುವವನು ಮಾತ್ರ ಅಲ್ಲ ಮಾರಾಯ್ರೆ

ಹೋದ ತಿಂಗಳು ಒಂದು ಮದುವೆಗೆ ಅಂತ ಕುಂದಾಪುರಕ್ಕೆ ಹೋಗಿದ್ದೆ. ಊಟಕ್ಕೆ ಕೂರುವ ಮೊದಲೇ ದೂರದ ಸಂಬಂಧದ ಮಾವ ಒಬ್ಬರು ಪಕ್ಕಕ್ಕೆ ಕರೆದರು. "ನೀನು ಬೊಂಬಾಯಲ್ಲಿ ಸರ್ವೇಯರ್ ಅಲ್ವಾ, ನಮ್ಮ ಜಾಗ ಪಾಲು ಮಾಡುವ ಪೋಡಿ ಕೆಲಸ ಎರಡು ವರ್ಷದಿಂದ ನಿಂತುಹೋಗಿದೆ, ಅದರ 11ಇ ನಕ್ಷೆಗೆ ಯಾರಿಗೆ ಹೇಳಬೇಕು?" ನಾನು ನೋಡುವುದು ಜಾಗ ಅಲ್ಲ ಮಾವ, ಕಟ್ಟಡ ಎಂದೆ. "ಕಟ್ಟಿ ಆದ ಮೇಲೆ ನೋಡಲಿಕ್ಕೆ ಏನುಂಟು?" ಎಂದರು.

ಅವರ ಮಗ ಸಿವಿಲ್ ಡಿಪ್ಲೊಮಾದ ಕೊನೆಯ ವರ್ಷದಲ್ಲಿದ್ದಾನೆ. ನನ್ನ ಕೆಲಸವನ್ನೇ ಕಲಿಯುತ್ತೇನೆ, ಮುಂಬೈಗೆ ಬರುತ್ತೇನೆ ಎನ್ನುತ್ತಾನೆ. ಅವನಿಗೆ ಫೋನಿನಲ್ಲಿ ಹೇಳಿದರೆ ಅರ್ಧ ಮರೆಯುತ್ತೇನೆ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ಗೋಜಲು. ಇಂಗ್ಲೆಂಡಿನಲ್ಲಿ ಬಿಲ್ಡಿಂಗ್ ಸರ್ವೇಯರ್ ಅನ್ನುವುದೇ ಒಂದು ಬೇರೆ ವೃತ್ತಿ. ಅದಕ್ಕೆ ಬೇರೆ ಡಿಗ್ರಿ ಇದೆ, 1868ರಲ್ಲಿ ಲಂಡನ್ನಿನಲ್ಲಿ ಶುರುವಾದ ಆರ್‌ಐಸಿಎಸ್ ಎಂಬ ಸರ್ವೇಯರ್‌ಗಳ ಸಂಸ್ಥೆಯ ಸದಸ್ಯತ್ವ ಇದೆ. ನಮ್ಮಲ್ಲಿ ಆ ಒಂದು ಕೆಲಸ ಮೂರ್ನಾಲ್ಕು ಜನರ ನಡುವೆ ಹಂಚಿಹೋಗಿದೆ. ಮುಂಬೈ ಪಾಲಿಕೆಗೆ ಪ್ಲಾನ್ ಹಾಕುವವರು ಲೈಸೆನ್ಸ್ ಸರ್ವೇಯರ್, ಇಲ್ಲಿ ಎಲ್ಲರ ಬಾಯಲ್ಲಿ ಬರೀ 'ಎಲ್‌ಎಸ್'. ಮನೆಗೆ ಬೆಲೆ ಕಟ್ಟುವವರು ವ್ಯಾಲ್ಯೂಯರ್. ಹಳೇ ಕಟ್ಟಡದ ಆರೋಗ್ಯ ನೋಡುವುದು ಸ್ಟ್ರಕ್ಚರಲ್ ಆಡಿಟ್. ನಾನು ಈ ಕೊನೆಯದರಲ್ಲಿ 14 ವರ್ಷದಿಂದ ಇದ್ದೇನೆ. ವರದಿಗೆ ಸಹಿ ಹಾಕುವವರು ನಮ್ಮ ಸ್ಟ್ರಕ್ಚರಲ್ ಇಂಜಿನಿಯರ್ ಸಾಹೇಬರು. ಮಹಡಿ ಹತ್ತಿ, ತಟ್ಟಿ, ಫೋಟೋ ತೆಗೆದು ಬರೆಯುವವನು ನಾನು.

ಕೆಲಸಕ್ಕೆ ಬರ ಇಲ್ಲ. ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಬೈಲಾ ಪ್ರಕಾರ 15ರಿಂದ 30 ವರ್ಷದ ಕಟ್ಟಡಕ್ಕೆ 5 ವರ್ಷಕ್ಕೊಮ್ಮೆ ಆಡಿಟ್ ಆಗಬೇಕು, 30 ದಾಟಿದ ಮೇಲೆ 3 ವರ್ಷಕ್ಕೊಮ್ಮೆ. ಮುಂಬೈ ಪಾಲಿಕೆ ಕಾಯ್ದೆಯ 353ಬಿ ಕಲಂ ಕೂಡ 30 ದಾಟಿದ ಕಟ್ಟಡಕ್ಕೆ ತಪಾಸಣೆ ಕಡ್ಡಾಯ ಮಾಡಿದೆ. ಘಾಟ್‌ಕೋಪರ್, ಮುಲುಂಡ್, ಬೊರಿವಲಿ ಕಡೆ ಒಂದು ಗಲ್ಲಿ ನಡೆದು ನೋಡಿ, 30 ದಾಟಿದ ಕಟ್ಟಡಗಳು ಎಷ್ಟು ಸಿಗುತ್ತವೆ ಅಂತ.

ನಾನು ಶುರು ಮಾಡಿದ್ದು ಹೊಸ ಕಟ್ಟಡದ ಸೈಟಿನಲ್ಲಿ. ಅಪ್ಪ ಘಾಟ್‌ಕೋಪರಿನ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾದಲ್ಲಿದ್ದರು, ಡಿಪ್ಲೊಮಾ ಮುಗಿದ ಕೂಡಲೇ ಸಂಬಳ ಬೇಕಿತ್ತು. ಸೈಟಿನಲ್ಲಿ ನನ್ನ ಪಾಲಿಗೆ ಬಂದದ್ದು ಕಬ್ಬಿಣ ಕಟ್ಟುವವರ ಮೇಲ್ವಿಚಾರಣೆ. ಸರಳು ಮತ್ತು ಶಟರಿಂಗ್ (ಕಾಂಕ್ರೀಟ್ ಸುರಿಯುವ ಅಚ್ಚು) ನಡುವೆ ಒಂದು ಪುಟ್ಟ ಸಿಮೆಂಟ್ ತುಂಡು ಇಡುತ್ತಾರೆ, ಕವರ್ ಬ್ಲಾಕ್. ಅದು ಇದ್ದರೆ ಮಾತ್ರ ಸರಳಿನ ಸುತ್ತ ಬೇಕಾದಷ್ಟು ಕಾಂಕ್ರೀಟ್ ನಿಲ್ಲುತ್ತದೆ, ಅದಕ್ಕೇ ಕವರ್ ಅನ್ನುವುದು. ಅವಸರದಲ್ಲಿ ಅದನ್ನು ಬಿಟ್ಟರೆ ಆವತ್ತು ಯಾರಿಗೂ ಏನೂ ಗೊತ್ತಾಗುವುದಿಲ್ಲ. ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456:2000 ಪ್ರಕಾರ ಸಮುದ್ರದ ಗಾಳಿಗೆ ಒಡ್ಡಿಕೊಂಡ ಕಾಂಕ್ರೀಟಿಗೆ 45 ಮಿಲಿಮೀಟರ್ ಕವರ್ ಬೇಕು. ಹಳೇ ಕಟ್ಟಡಗಳಲ್ಲಿ ನಾನು 10, 12 ನೋಡಿದ್ದೇನೆ. ಒಂದು ಕಡೆಯಂತೂ ಸರಳಿನ ಮೇಲೆ ಬರೀ ಪ್ಲಾಸ್ಟರ್.

ಆಮೇಲೆ ಆಗುವುದು ಇಷ್ಟು. ಗಾಳಿಯ ಕಾರ್ಬನ್ ಡೈಆಕ್ಸೈಡ್ ಮೆಲ್ಲ ಒಳಗೆ ಇಳಿದು ಕಾಂಕ್ರೀಟಿನ ಕ್ಷಾರ ಗುಣವನ್ನು ತಿನ್ನುತ್ತದೆ. ಸರಳನ್ನು ಕಾಯುತ್ತಿದ್ದದ್ದೇ ಆ ಕ್ಷಾರ. ಮೇಲಿಂದ ಸಮುದ್ರದ ಉಪ್ಪು, ನಾಲ್ಕು ತಿಂಗಳ ಮಳೆ. ತುಕ್ಕು ಹಿಡಿದ ಕಬ್ಬಿಣ ಊದಿಕೊಳ್ಳುತ್ತದೆ, ಊದಿಕೊಂಡು ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ಹೊರಗೆ ಬೀಮಿನ ಉದ್ದಕ್ಕೂ ಒಂದು ಗೆರೆ ಕಾಣುತ್ತದೆ, ಮನೆಯವರು ಅದಕ್ಕೆ ಪುಟ್ಟಿ ತುಂಬಿ ಬಣ್ಣ ಬಳಿಯುತ್ತಾರೆ.

ಪರೀಕ್ಷೆಯ ಯಂತ್ರಗಳು ಇವೆ. ರಿಬೌಂಡ್ ಹ್ಯಾಮರ್ ಮೇಲ್ಮೈ ಎಷ್ಟು ಗಟ್ಟಿ ಅಂತ ಹೇಳುತ್ತದೆ. ಅಲ್ಟ್ರಾಸಾನಿಕ್ ಯಂತ್ರದಲ್ಲಿ ಶಬ್ದದ ಅಲೆ ಕಾಂಕ್ರೀಟಿನೊಳಗೆ ಎಷ್ಟು ವೇಗದಲ್ಲಿ ಹೋಗುತ್ತದೆ ಎಂದು ನೋಡುತ್ತೇವೆ. ಸೆಕೆಂಡಿಗೆ 4 ಕಿಲೋಮೀಟರ್ ಬಂದರೆ ನೆಮ್ಮದಿ, 3ಕ್ಕಿಂತ ಕೆಳಗೆ ಬಂದರೆ ಒಳಗೆ ಏನೋ ಸರಿಯಿಲ್ಲ. ನನಗೆ ಇಷ್ಟದ್ದು ಫಿನಾಲ್ಫ್ತಲೀನ್. ಆಗ ತಾನೇ ಒಡೆದ ಕಾಂಕ್ರೀಟಿಗೆ ಸಿಂಪಡಿಸಿದರೆ ಕ್ಷಾರ ಉಳಿದ ಕಡೆ ಗುಲಾಬಿ ಬಣ್ಣ, ಹೋದ ಕಡೆ ಏನೂ ಇಲ್ಲ. ಸೊಸೈಟಿ ಕಮಿಟಿಯವರಿಗೆ ನಂಬರ್ ಹೇಳಿದರೆ ತಲೆಗೆ ಹೋಗುವುದಿಲ್ಲ, ಗುಲಾಬಿ ಬಾರದ ಕಾಲಂ ತೋರಿಸಿದರೆ ಎಲ್ಲರೂ ಸುಮ್ಮನಾಗುತ್ತಾರೆ. ಆದರೂ ದಿನದ ಮುಕ್ಕಾಲು ಭಾಗ ಕೆಲಸ ಒಂದು ಸಣ್ಣ ಸುತ್ತಿಗೆಯದೇ. ಟೆರೇಸಿನಿಂದ ಶುರು, ನೀರಿನ ಟ್ಯಾಂಕ್, ಛಜ್ಜಾ ಅಂದರೆ ಕಿಟಕಿ ಮೇಲೆ ಚಾಚಿದ ಸ್ಲ್ಯಾಬ್, ಪೈಪುಗಳು ಇಳಿಯುವ ಡಕ್ಟ್, ಪ್ರತಿ ಮನೆಯ ಬಾತ್‌ರೂಮಿನ ಕೆಳಗಿನ ಸ್ಲ್ಯಾಬ್. ಗಟ್ಟಿ ಇದ್ದರೆ ಟಣ್ ಅನ್ನುತ್ತದೆ, ಪೊಳ್ಳಾಗಿದ್ದರೆ ಡಬ್. ಒಂದು ವರ್ಷ ತಟ್ಟಿದ ಮೇಲೆ ಕಿವಿ ಪಳಗುತ್ತದೆ.

ಪಳಗಿದ ಕಿವಿಯೂ ಮೋಸ ಹೋಗುತ್ತದೆ. ಒಮ್ಮೆ ಒಂದು ಮನೆಯಲ್ಲಿ ಅಡುಗೆಮನೆಗೆ ಫಾಲ್ಸ್ ಸೀಲಿಂಗ್ ಹಾಕಿದ್ದರು. ಆ ಅಮ್ಮ ತೆಗೆಯಲು ಬಿಡಲಿಲ್ಲ, ಚಹಾ ಕೊಟ್ಟರು, ನಾನೂ ಜಾಸ್ತಿ ಒತ್ತಾಯ ಮಾಡಲಿಲ್ಲ. ವರದಿಯಲ್ಲಿ 'ಸಣ್ಣ ಸೋರಿಕೆ' ಎಂದು ಬರೆದೆ. ಮೇಲಿನ ಮನೆಯ ನಹಾನಿ ಟ್ರ್ಯಾಪ್, ಅಂದರೆ ನೆಲದ ನೀರು ಇಳಿಯುವ ಬಾಯಿ, ವರ್ಷಗಟ್ಟಲೆ ಸೋರಿತ್ತು. ಎರಡು ತಿಂಗಳಿಗೆ ಸೀಲಿಂಗಿನ ಸಮೇತ ಒಂದು ದೊಡ್ಡ ತುಂಡು ಗ್ಯಾಸ್ ಒಲೆಯ ಮೇಲೆ ಬಿತ್ತು. ಪುಣ್ಯಕ್ಕೆ ಅದು ಮಧ್ಯರಾತ್ರಿ. ಆವತ್ತಿನಿಂದ ನೋಡದ ಜಾಗಕ್ಕೆ 'ತೆರೆದು ನೋಡಲು ಬಿಟ್ಟಿಲ್ಲ' ಎಂದು ಫ್ಲ್ಯಾಟ್ ನಂಬರ್ ಸಮೇತ ಬರೆಯುತ್ತೇನೆ. ಸೆಕ್ರೆಟರಿಗಳಿಗೆ ಕೋಪ ಬರುತ್ತದೆ, ಬರಲಿ.

2017ರ ಜುಲೈಯಲ್ಲಿ ಘಾಟ್‌ಕೋಪರಿನಲ್ಲಿ ಒಂದು ಕಟ್ಟಡ ಕುಸಿದು 17 ಜನ ಸತ್ತರು. ಕೆಳಗಿನ ಮಹಡಿಯಲ್ಲಿದ್ದ ಒಂದು ನರ್ಸಿಂಗ್ ಹೋಮಿನ ರಿಪೇರಿ ಕೆಲಸ ನಡೆಯುತ್ತಿತ್ತು. ನಾನು ಬೆಳೆದ ಜಾಗ ಅದು. ಅದಾದ ಮೇಲೆ ಒಂದು ತಿಂಗಳು ನಮ್ಮ ಫೋನ್ ಬಿಡುವಿಲ್ಲದೆ ಹೊಡೆದುಕೊಂಡಿತು, ದೀಪಾವಳಿ ಹೊತ್ತಿಗೆ ಮತ್ತೆ ಎಲ್ಲ ತಣ್ಣಗೆ.

ತಮ್ಮಾ, ಈ ಕೆಲಸದ ನಿಜವಾದ ಕಷ್ಟ ಸುತ್ತಿಗೆಯಲ್ಲಿ ಇಲ್ಲ. ಕಟ್ಟಡಕ್ಕೆ ಒಂದು ದರ್ಜೆ ಕೊಡಬೇಕು. ಸಿ1 ಅಂದರೆ ಖಾಲಿ ಮಾಡಿ ಕೆಡವಬೇಕು. ಸಿ2ಎ ಅಂದರೆ ಜನರನ್ನು ಹೊರಗೆ ಕಳಿಸಿ ದೊಡ್ಡ ರಿಪೇರಿ. ಸಿ2ಬಿ ಅಂದರೆ ಜನ ಇದ್ದಂತೆಯೇ ರಿಪೇರಿ. ಸಿ3 ಅಂದರೆ ಚಿಲ್ಲರೆ ಕೆಲಸ. ರೀಡೆವಲಪ್‌ಮೆಂಟ್, ಅಂದರೆ ಕೆಡವಿ ಹೊಸದಾಗಿ ಕಟ್ಟುವುದು ಬೇಕು ಅನ್ನುವವರಿಗೆ ಸಿ1 ಬೇಕು. ಖಾಲಿ ಮಾಡಿದರೆ ವಾಪಸ್ ಬರುವುದು ಯಾವ ಕಾಲಕ್ಕೋ ಎಂದು ಹೆದರುವ ಮುದುಕರಿಗೆ, ಬಾಡಿಗೆದಾರರಿಗೆ ಸಿ2ಬಿ ಬೇಕು. ಒಂದು ಸೊಸೈಟಿಯಲ್ಲಿ ಒಂದೇ ಸಂಜೆ ಎರಡೂ ಕಡೆಯಿಂದ ಫೋನ್ ಬಂತು. ಒಬ್ಬರು 'ಸ್ವಲ್ಪ ಸ್ಟ್ರಾಂಗ್ ಆಗಿ ಬರೆಯಿರಿ' ಎಂದರು, ಇನ್ನೊಬ್ಬರು, ಒಬ್ಬ ಅಜ್ಜಿ, ಅತ್ತೇಬಿಟ್ಟರು. ನಮ್ಮ ರೀಡಿಂಗ್ ಹೇಳಿದ್ದು ಸಿ2ಬಿ, ಅದನ್ನೇ ಕೊಟ್ಟೆವು. ಕಮಿಟಿಯವರು ಬೇರೆ ಕಡೆಯಿಂದ ಆಡಿಟ್ ಮಾಡಿಸಿದರು, ಅದು ಸಿ1 ಬಂತು. ಎರಡು ವರದಿ ಹೀಗೆ ಬಡಿದಾಡಿಕೊಂಡರೆ ಪಾಲಿಕೆಯ ಟೆಕ್ನಿಕಲ್ ಅಡ್ವೈಸರಿ ಕಮಿಟಿಗೆ ಹೋಗುತ್ತದೆ. ನಮ್ಮ ಬಿಲ್ಲಿನ ಕೊನೆಯ ಕಂತು ಇನ್ನೂ ಬಂದಿಲ್ಲ. ಫೋನಿನಲ್ಲಿ ಅತ್ತಿದ್ದ ಆ ಅಜ್ಜಿ ಮಾತ್ರ ನಾನೇ ಅವರ ಮನೆ ಉಳಿಸಿದ್ದು ಎಂದುಕೊಂಡಿದ್ದಾರೆ, ಅದೂ ತಪ್ಪು. ರೀಡಿಂಗ್ ಕೆಟ್ಟದಾಗಿ ಬಂದಿದ್ದರೆ ಅವರಿಗೂ ಸಿ1 ಎಂದೇ ಹೇಳುತ್ತಿದ್ದೆ.

ಬರುವುದಾದರೆ ಮೇ ತಿಂಗಳಲ್ಲೇ ಬಾ. ಒಣಗಿದಾಗ ನೋಡಿದ ಗೋಡೆಯನ್ನು ಜುಲೈಯಲ್ಲಿ ಇನ್ನೊಮ್ಮೆ ನೋಡಬೇಕು, ಆಗ ಗೊತ್ತಾಗುತ್ತದೆ. ಯಂತ್ರ ಗಿಂತ್ರ ಏನೂ ಕೊಳ್ಳಬೇಡ. ಮೊದಲ ಆರು ತಿಂಗಳು ಒಬ್ಬ ರಿಪೇರಿ ಕಂಟ್ರಾಕ್ಟರ್ ಹತ್ತಿರ ಬಿಡುತ್ತೇನೆ, ಒಡೆದ ಬೀಮ್ ಒಳಗಿನಿಂದ ಹೇಗಿರುತ್ತದೆ ಅಂತ ನೋಡು. ಮರಾಠಿ ಕಲಿ. ಹಳೇ ಶೂ, ಒಂದು ಟಾರ್ಚ್ ತಗೊಂಡು ಬಾ, ಲಿಫ್ಟ್ ಇಲ್ಲದ ನಾಲ್ಕು ಮಹಡಿ ದಿನಕ್ಕೆ ಮೂರು ಸಲ ಹತ್ತಬೇಕಾಗುತ್ತದೆ. ಮತ್ತೆ ನಿನ್ನ ಅಪ್ಪನಿಗೆ ಹೇಳು, ಆವತ್ತು ಹೊರಡುವಾಗ ನಿಮ್ಮ ಮನೆಯ ಅಡುಗೆಮನೆ ಕಿಟಕಿ ಮೇಲಿನ ಛಜ್ಜಾ ಸುಮ್ನೆ ಬೆರಳಿನಿಂದ ತಟ್ಟಿದೆ, ಡಬ್ ಅಂತು. ಮಳೆಗೆ ಮೊದಲು ಒಡೆಸಿ ಸರಿ ಮಾಡಿಸಲಿ, ಅಲ್ಲಿಯವರೆಗೆ ಅದರ ಕೆಳಗೆ ಯಾರೂ ಪಾತ್ರೆ ತೊಳೆಯಲು ಕೂರುವುದು ಬೇಡ.